ಸ್ವಂತ ಹಣ ಬಿಡುವ ಮುಂಚೆ

ಮಾನ್ಯರೇ,

ಡಾಲರ್ ಹಂಗು ಬೇಡ, ಬ್ರಿಕ್ಸ್ ಕೂಟದ (ಬ್ರೆಜಿಲ್, ರಷ್ಯಾ, ಭಾರತ, ಚೀನಾ, ದಕ್ಷಿಣ ಆಫ್ರಿಕಾ ಮೊದಲಾದ) ದೇಶಗಳಿಗೂ ಯೂರೋ ಥರ ಒಂದೇ ಹಣ ಬರಲಿ ಎಂಬ ಮಾತು ಆಗಾಗ ಕೇಳಿಬರುತ್ತದೆ. ಹಾಗೆ ಹೇಳುವವರು ಗ್ರೀಸ್ ಕಡೆ ಒಮ್ಮೆ ನೋಡಬೇಕು.

2001ರಲ್ಲಿ ಗ್ರೀಸ್ ತನ್ನ ಡ್ರಾಕ್ಮಾ ಬಿಟ್ಟು ಯೂರೋ ಸೇರಿತು. ಸಾಲ ಅಗ್ಗವಾಗಿ ಸಿಕ್ಕಿತು, ಸರ್ಕಾರ ಕೈಬಿಚ್ಚಿ ಖರ್ಚು ಮಾಡಿತು. ಸಾಲ ಕುತ್ತಿಗೆಗೆ ಬಂದಾಗ ಹಣದ ಬೆಲೆ ಇಳಿಸಿ, ರಫ್ತು ಅಗ್ಗಮಾಡಿ ಚೇತರಿಸಿಕೊಳ್ಳುವ ದಾರಿಯೇ ಇರಲಿಲ್ಲ. ಬಡ್ಡಿದರ ಗೊತ್ತುಮಾಡುವುದು ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿರುವ ಯೂರೋಪಿನ ಕೇಂದ್ರ ಬ್ಯಾಂಕ್. ಕೊನೆಗೆ ಸಂಬಳ, ಪಿಂಚಣಿಗೇ ಕತ್ತರಿ ಬಿತ್ತು. 2015ರಲ್ಲಂತೂ ಬ್ಯಾಂಕುಗಳು ಮೂರು ವಾರ ಮುಚ್ಚಿದ್ದವು. ಎಟಿಎಂನಲ್ಲಿ ದಿನಕ್ಕೆ 60 ಯೂರೋ ಮಾತ್ರ. ಕಾರ್ಡ್ ಇಲ್ಲದ ವಯಸ್ಸಾದವರು ಪಿಂಚಣಿಗಾಗಿ ಬ್ಯಾಂಕ್ ಬಾಗಿಲಲ್ಲಿ ನೂಕಾಡಬೇಕಾಯಿತು. ನಾವು 1991ರ ಜುಲೈನಲ್ಲಿ ರೂಪಾಯಿ ಬೆಲೆ ಎರಡು ಸಲ ಇಳಿಸಿದ್ದು ನಮ್ಮದೇ ಹಣ ಇದ್ದದ್ದಕ್ಕೆ ಅಲ್ವಾ?

ಬಲ್ಗೇರಿಯಾದ ಕತೆ ಬೇರೆ. ಅದರ ಹಣವಾದ ಲೆವ್‌ನ ಬೆಲೆಯನ್ನು 1997ರಿಂದಲೇ ಜರ್ಮನ್ ಮಾರ್ಕ್‌ಗೆ, ಆಮೇಲೆ ಯೂರೋಗೆ ಒಂದೇ ದರದಲ್ಲಿ ಕಟ್ಟಿಹಾಕಲಾಗಿತ್ತು. ಹಾಗಾಗಿ 2026ರ ಜನವರಿಯಲ್ಲಿ ಯೂರೋ ಸೇರಿದಾಗ ಕಳಕೊಂಡದ್ದು ಜಾಸ್ತಿ ಏನಿಲ್ಲ.

ಚೀನಾ, ಬ್ರೆಜಿಲ್, ಭಾರತಕ್ಕೆ ಒಂದೇ ಬಡ್ಡಿದರ ಅಂದರೆ ಅದನ್ನು ಗೊತ್ತುಮಾಡುವವರು ಯಾರು? ಸುಮ್ನೆ ಡಾಲರ್ ಮೇಲಿನ ಸಿಟ್ಟಿಗೆ ಮಾತಾಡುವ ಬದಲು ಮೊದಲು ಇದಕ್ಕೆ ಉತ್ತರ ಹೇಳಲಿ.

— ಒಬ್ಬ ಓದುಗ, ಧಾರವಾಡ