ಸೆಹ್ವಾಗ್ ಚರ್ಚೆ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಈ ವಾರದ ವಿಷಯ ಭಾರತದ ಮಾಜಿ ಕ್ರಿಕೆಟಿಗ ವೀರೇಂದ್ರ ಸೆಹ್ವಾಗ್. ಅಂಕಿಅಂಶ ಹಾಕುವ ಮುನ್ನ ಒಮ್ಮೆ ಇದನ್ನು ಓದಿ.

ಒಟ್ಟು 104 ಟೆಸ್ಟ್, 8,586 ರನ್. ಭಾರತದ ಪರ ಮಾತ್ರ ಲೆಕ್ಕ ಹಾಕಿದರೆ 103 ಟೆಸ್ಟ್, 8,503 ರನ್. ಉಳಿದ ಒಂದು 2005ರಲ್ಲಿ ವಿವಿಧ ದೇಶಗಳ ಆಟಗಾರರ ವಿಶ್ವ ಇಲೆವೆನ್ ತಂಡದ ಪರ ಆಡಿದ್ದು. ಎರಡೂ ಸರಿಯೇ, ಜಗಳ ಬೇಡ.

ಹುಟ್ಟಾ ಆರಂಭಿಕ ಬ್ಯಾಟರ್ ಎಂದು ಬರೆಯಬೇಡಿ. 2001ರಲ್ಲಿ ಬ್ಲೂಮ್‌ಫಾಂಟೀನ್‌ನಲ್ಲಿ ಚೊಚ್ಚಲ ಟೆಸ್ಟ್‌ನ ಶತಕ ಬಂದದ್ದು ಆರನೇ ಕ್ರಮಾಂಕದಲ್ಲಿ. ಇನಿಂಗ್ಸ್ ಆರಂಭಿಸಿದ್ದು 2002ರ ಇಂಗ್ಲೆಂಡ್ ಪ್ರವಾಸದಿಂದ: ಲಾರ್ಡ್ಸ್‌ನಲ್ಲಿ 84, ಟ್ರೆಂಟ್ ಬ್ರಿಜ್‌ನಲ್ಲಿ 106.

ತ್ರಿಶತಕ ಎರಡು: ಮುಲ್ತಾನ್ 309 (2004), ಚೆನ್ನೈ 319 (2008). ಚೆನ್ನೈನಲ್ಲಿ 300 ದಾಟಿದ್ದು 278 ಎಸೆತಗಳಲ್ಲಿ. ಆದರೆ ಆಟ ಅರಿಯಲು ಅದೇ ವರ್ಷದ ಗಾಲ್ ಇನಿಂಗ್ಸ್ ನೋಡಿ. ಶ್ರೀಲಂಕಾದ ಸ್ಪಿನ್ನರ್‌ಗಳಾದ ಮೆಂಡಿಸ್, ಮುರಳೀಧರನ್ ಎದುರು ಭಾರತ 329ಕ್ಕೆ ಆಲೌಟ್, ಸೆಹ್ವಾಗ್ ಅಜೇಯ 201. ನಮ್ಮ ಮತ ಇದಕ್ಕೇ.

ವಿಡಿಯೊದಲ್ಲಿ ಪಾದ ಬಿಡಿ, ತಲೆ ನೋಡಿ. ಪಾದ ಹೆಚ್ಚು ಚಲಿಸದು, ತಲೆ ಸ್ಥಿರ. ಲೆಗ್ ಸ್ಟಂಪ್ ಬದಿಯಲ್ಲೇ ಉಳಿಯುವುದರಿಂದ ಆಫ್ ಕಡೆ ಕೈ ಬೀಸಲು ಜಾಗ ಸಿಗುತ್ತದೆ. ತೊಡಕೂ ಅಲ್ಲೇ: ಚೆಂಡು ತಡವಾಗಿ ಹೊರಳಿದರೆ ಬ್ಯಾಟ್ ದೇಹದಿಂದ ದೂರ, ಕ್ಯಾಚ್ ಸ್ಲಿಪ್‌ಗೆ. ಕಣ್ಣು-ಕೈ ವೇಗ ತುಸು ತಗ್ಗಿದಾಗ ಆಸರೆಗೆ ಪಾದಚಲನೆ ಇರಲಿಲ್ಲ. 2011ರ ಎಜ್‌ಬಾಸ್ಟನ್‌ನಲ್ಲಿ ಎರಡೂ ಇನಿಂಗ್ಸ್ ಮೊದಲ ಎಸೆತಕ್ಕೇ ಔಟ್. ಆಗ ಭುಜದ ಶಸ್ತ್ರಚಿಕಿತ್ಸೆಯಿಂದ ಮರಳಿದ್ದರು ಎಂಬುದನ್ನೂ ಸೇರಿಸಿ. ಕೊನೆಯ ಟೆಸ್ಟ್ 2013ರ ಮಾರ್ಚ್, ಹೈದರಾಬಾದ್. ನಿವೃತ್ತಿ ಘೋಷಣೆ 2015ರ ಅಕ್ಟೋಬರ್.

ಏಕದಿನದ 219 (ಇಂದೋರ್, 2011) ಬಗ್ಗೆ ಬೇರೆ ಚರ್ಚಾ ಎಳೆ ತೆರೆಯುತ್ತೇವೆ, ಇಲ್ಲಿ ಬೆರೆಸಬೇಡಿ.