ಅವಳು 53ರಲ್ಲೇ ಆಡಲಿ ಬಿಡು, ಬಸು

ಪ್ರೀತಿಯ ಬಸು,

ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನನ್ನು ಕೇಳಿಯೇ ಎಲ್ಲರೂ ಓದುವಂತೆ ಹಾಕುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ಅಪ್ಪ-ಅಮ್ಮಂದಿರು ಇನ್ನೂ ಬಹಳ ಜನ ಇದ್ದಾರೆ.

ಕುಸ್ತಿ ಆಡುವ ನಿನ್ನ ಮಗಳ ತೂಕ 52 ಕೆಜಿಯ ಮೇಲಿದೆ. ಸ್ಟೇಟ್ ಮೀಟ್‌ಗೆ 49 ಕೆಜಿ ವಿಭಾಗಕ್ಕೆ ಇಳಿಸಿದರೆ ಮೆಡಲ್ ಗ್ಯಾರಂಟಿ ಅಂತ ಕೋಚ್ ಹೇಳಿದ್ದಾರೆ. ಉಳಿದಿರುವುದು ಹತ್ತು ದಿನ. ನನ್ನ ಉತ್ತರ: ಇಳಿಸಬೇಡ, 53 ಕೆಜಿ ವಿಭಾಗದಲ್ಲೇ ಆಡಲಿ.

"ಒಲಿಂಪಿಕ್ಸ್‌ಗೆ ಹೋಗುವವರೇ ಮಾಡ್ತಾರಲ್ಲ" ಅಂದೆ ನೀನು. ಮಾಡುತ್ತಾರೆ. ಹೇಗೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ.

2024ರ ಆಗಸ್ಟ್ 6, ಪ್ಯಾರಿಸ್. 50 ಕೆಜಿ ವಿಭಾಗದಲ್ಲಿ ಆಡುತ್ತಿದ್ದ ನಮ್ಮ ಕುಸ್ತಿಪಟು ವಿನೇಶ್ ಫೋಗಟ್ ತೂಕ ಬೆಳಿಗ್ಗೆ 49.9 ಕೆಜಿ. ಅವತ್ತು ಮೂರು ಬೌಟ್, ಅಂದರೆ ಮೂರು ಪಂದ್ಯ, ಗೆದ್ದರು. ಮೊದಲನೆಯದರಲ್ಲೇ ಮಣಿದದ್ದು ಜಪಾನಿನ ಯುಯಿ ಸುಸಾಕಿ, ಅಂತರರಾಷ್ಟ್ರೀಯ ಕುಸ್ತಿಯಲ್ಲಿ ಅಲ್ಲಿಯವರೆಗೆ ಸೋಲೇ ಕಾಣದ ಹುಡುಗಿ. ಮೂರು ಬೌಟ್ ಆಡಬೇಕೆಂದರೆ ನಡುನಡುವೆ ತಿನ್ನಬೇಕು, ಕುಡಿಯಬೇಕು. ಸಂಜೆ ತೂಗಿದಾಗ 52.7. ಫೈನಲ್ ದಿನ ಬೆಳಿಗ್ಗೆ ಮತ್ತೆ 50ರ ಒಳಗೆ ಬರಬೇಕು. ರಾತ್ರಿಯಿಡೀ ನಿದ್ದೆಯಿಲ್ಲ. ಟ್ರೆಡ್‌ಮಿಲ್, ಸೈಕಲ್, ಸೌನಾ (ಬೆವರಿಳಿಸುವ ಬಿಸಿ ಕೋಣೆ), ಮತ್ತೆ ಟ್ರೆಡ್‌ಮಿಲ್. ನಡುವೆ ಒಮ್ಮೆ ಕುಸಿದೇಬಿಟ್ಟರಂತೆ. ಪ್ರಾಣಕ್ಕೇ ಏನಾದರೂ ಆದೀತು ಅಂತ ಭಯವಾಯಿತೆಂದು ಅವರ ಹಂಗೇರಿಯನ್ ಕೋಚ್ ವೋಲರ್ ಆಕೋಶ್ ಆಮೇಲೆ ಬರೆದುಕೊಂಡರು. ಕೊನೆಗೆ ಕೂದಲು ಕತ್ತರಿಸಿದರು, ಬಟ್ಟೆಯ ಎಲಾಸ್ಟಿಕ್ ಕೂಡ ಚಿಕ್ಕದು ಮಾಡಿದರು. ಮುಳ್ಳು ನಿಂತದ್ದು 50.1ರಲ್ಲಿ. ಫೈನಲ್ ಹೋಯಿತು, ಬೆಳ್ಳಿಯೂ ಹೋಯಿತು, ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ. ಮಾರನೇ ದಿನ ನಿವೃತ್ತಿ ಅಂದರು.

ಆ ದಿನ ನಾವೆಲ್ಲ ನೂರು ಗ್ರಾಂ ಬಗ್ಗೆ ಬಡಬಡಿಸಿದೆವು. ಯಾರದೋ ಪಿತೂರಿ ಅಂದವರೂ ಇದ್ದರು. ಒಂದೇ ರಾತ್ರಿಯಲ್ಲಿ ಎರಡೂವರೆ ಕೆಜಿಗಿಂತ ಜಾಸ್ತಿ ಮೈಯಿಂದ ಹಿಂಡಿದರಲ್ಲ, ಅದರ ಬಗ್ಗೆ ಮಾತಾಡಿದವರು ಕಡಿಮೆ. 2016ರಲ್ಲೂ ಹೀಗೇ ಆಗಿತ್ತು. ಆಗ ಅವರು 48 ಕೆಜಿಯಲ್ಲಿ ಆಡುತ್ತಿದ್ದರು. ಮಂಗೋಲಿಯಾದ ಅರ್ಹತಾ ಪಂದ್ಯದಲ್ಲಿ 400 ಗ್ರಾಂ ಜಾಸ್ತಿ ಬಂದು ಹೊರಬಿದ್ದಿದ್ದರು.

ಅದೇ ಪ್ಯಾರಿಸ್‌ನಲ್ಲಿ ಅಮನ್ ಸೆಹ್ರಾವತ್ 57 ಕೆಜಿಯಲ್ಲಿ ಕಂಚು ಗೆದ್ದ. ಸೆಮಿಫೈನಲ್ ಮುಗಿದ ಮೇಲೆ ಹತ್ತು ಗಂಟೆಯಲ್ಲಿ 4.6 ಕೆಜಿ ಇಳಿಸಿದ ಅಂತ ಪೇಪರಿನವರು ಪವಾಡದ ಥರ ಬರೆದರು. ನಾವೂ ಚಪ್ಪಾಳೆ ಹೊಡೆದೆವು. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ, ಜಾಗ್ರೆಬ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ, ಅದೇ ಹುಡುಗ 1.7 ಕೆಜಿ ಜಾಸ್ತಿ ಬಂದ. ನಮ್ಮ ಕುಸ್ತಿ ಫೆಡರೇಷನ್ ಒಂದು ವರ್ಷ ಅಮಾನತು ಮಾಡಿತು, ಆಮೇಲೆ ಹಿಂತೆಗೆದುಕೊಂಡಿತು. ಮೈ ಮಾತು ಕೇಳಿದಾಗ ಶಹಬ್ಬಾಸ್, ಕೇಳದಿದ್ದಾಗ ಶಿಕ್ಷೆ. ಇದ್ಯಾವ ನ್ಯಾಯ ಅಲ್ವಾ?

ಹತ್ತು ದಿನದಲ್ಲಿ ಹೀಗೆ ಇಳಿಯುವುದು ಬಹುಪಾಲು ಕೊಬ್ಬಲ್ಲ ಬಸು, ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ತನ್ನ ಜೊತೆ ಮೂರು ಪಟ್ಟು ನೀರು ಹಿಡಿದಿಟ್ಟಿರುತ್ತದೆ. ಅನ್ನ ಬಿಟ್ಟರೆ ಎರಡೂ ಖಾಲಿ. ಕೊನೆಯ ದಿನ ಬೆವರಿಳಿಸಿದರೆ ರಕ್ತದಲ್ಲಿನ ನೀರೂ ಕಡಿಮೆಯಾಗುತ್ತದೆ. ಎದೆ ಜೋರಾಗಿ ಹೊಡೆದುಕೊಳ್ಳುತ್ತದೆ, ಕಿಡ್ನಿಗೆ ಏಟು ಬೀಳುತ್ತದೆ, ಮೈ ಕಾದರೂ ಆರಿಸಿಕೊಳ್ಳಲು ಬೆವರಿಲ್ಲ. 1997ರ ಕೊನೆಯಲ್ಲಿ ಅಮೆರಿಕದ ಮೂರು ಕಾಲೇಜುಗಳ ಮೂವರು ಕುಸ್ತಿ ಹುಡುಗರು ತಿಂಗಳು ಚಿಲ್ಲರೆ ದಿನಗಳಲ್ಲಿ ಹೀಗೇ ಸತ್ತರು. ತೂಕ ಇಳಿಸಲು ರಬ್ಬರ್ ಸೂಟ್ ಹಾಕಿಕೊಂಡು, ಬಿಸಿ ಮಾಡಿದ ಕೋಣೆಯಲ್ಲಿ ವ್ಯಾಯಾಮ ಮಾಡುತ್ತಿದ್ದವರು ಅವರು. ಆಮೇಲೆ ಅಲ್ಲಿ ರಬ್ಬರ್ ಸೂಟು, ಸೌನಾ ಎರಡೂ ಬಂದ್. ಈಗ ಸೀಸನ್ ಶುರುವಿನಲ್ಲೇ ಮೂತ್ರ ಪರೀಕ್ಷೆ ಮಾಡಿ, ಮೈಯ ಕೊಬ್ಬು ಅಳೆದು, ಇದಕ್ಕಿಂತ ಕೆಳಗೆ ನೀನು ಇಳಿಯುವ ಹಾಗಿಲ್ಲ ಅಂತ ಬರೆದುಕೊಡುತ್ತಾರೆ. ವಾರಕ್ಕೆ ಮೈತೂಕದ 1.5 ಶೇಕಡಾಕ್ಕಿಂತ ಜಾಸ್ತಿ ಇಳಿಸುವಂತಿಲ್ಲ. ನಿನ್ನ ಮಗಳಿಗೆ ಆ ಲೆಕ್ಕ ಹಾಕಿದರೆ ವಾರಕ್ಕೆ 780 ಗ್ರಾಂ. ಅದೂ ಬೆಳೆದು ನಿಂತವರಿಗೆ ಮಾಡಿದ ಲೆಕ್ಕ.

ನಮ್ಮ ಕಡೆಯ ಮೀಟ್‌ಗಳಿಗೆ ಫಿಸಿಯೋ ಅಂತ ಹೋಗುತ್ತೇನಲ್ಲ, ತೂಕದ ಕೋಣೆಯ ಹೊರಗೆ ಬೆಳಿಗ್ಗೆ ಆರಕ್ಕೆ ಬಂದು ನೋಡು ಒಮ್ಮೆ. ಗೋಡೆಗೆ ಒರಗಿ ಕೂತ ಹುಡುಗಿಯರು. ಬಾಯಲ್ಲಿ ಚ್ಯೂಯಿಂಗ್ ಗಮ್, ಕೈಯಲ್ಲಿ ಅರ್ಧ ಕತ್ತರಿಸಿದ ನೀರಿನ ಬಾಟಲಿ. ಅದಕ್ಕೆ ಉಗುಳುತ್ತಿರುತ್ತಾರೆ, ಜೊಲ್ಲೂ ತೂಕವೇ ಅಂತ. ತುಟಿ ಬಿರಿದು ಬಿಳಿಯಾಗಿರುತ್ತದೆ. ಒಬ್ಬಳಿಗೆ ಮೊಣಕೈಗೆ ಟೇಪ್ ಸುತ್ತುವಾಗ ಚರ್ಮ ಚಿವುಟಿದೆ. ಆ ಮಡಿಕೆ ಹಾಗೇ ನಿಂತುಬಿಟ್ಟಿತು, ಕೆಳಗಿಳಿಯಲಿಲ್ಲ. ಮೈಯಲ್ಲಿ ನೀರು ಬತ್ತಿದ ಗುರುತು ಅದು. ತೂಕ ಪಾಸಾದ ಕೂಡಲೇ ಇಡೀ ಗುಂಪು ಬಾಳೆಹಣ್ಣು, ಗ್ಲೂಕೋಸ್ ಮೇಲೆ ಬೀಳುತ್ತದೆ. ಅವತ್ತೇ ಬೌಟ್. ಹೊಟ್ಟೆ ಭಾರ, ಕಾಲು ಖಾಲಿ. ಎರಡನೇ ಪೀರಿಯಡ್‌ನಲ್ಲಿ ಪಟ್ಟು ಗೊತ್ತಿದ್ದೂ ಹಾಕಲಾಗದೆ ನಿಲ್ಲುತ್ತಾರೆ. ಆಗ ಅದೇ ಕೋಚ್ ಮ್ಯಾಟ್ ಪಕ್ಕದಿಂದ ಕೂಗುತ್ತಿರುತ್ತಾರೆ, "ಸ್ಟ್ಯಾಮಿನಾ ಎಲ್ಲಿ ಹೋಯ್ತೇ?"

ಇನ್ನೊಂದು ಮಾತು, ಇದನ್ನು ಮನೆಯಲ್ಲಿ ಲಲಿತಕ್ಕನ ಹತ್ತಿರ ಕೇಳು. ಮಗಳ ಮುಟ್ಟು ತಿಂಗಳು ತಿಂಗಳು ಸರಿಯಾಗಿ ಬರುತ್ತಿದೆಯಾ? ಪ್ರಾಕ್ಟೀಸ್‌ಗೆ ಬೇಕಾದಷ್ಟು ತಿನ್ನದಿದ್ದರೆ ಮೈ ಮೊದಲು ನಿಲ್ಲಿಸುವುದರಲ್ಲಿ ಅದೂ ಒಂದು. ಆಮೇಲೆ ಮೂಳೆ ಸೋಲುತ್ತದೆ, ಸಣ್ಣ ಪೆಟ್ಟಿಗೂ ಬಿರುಕು. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಿಂದಲೂ ಈ ತೊಂದರೆಗೆ ರೆಡ್-ಎಸ್ ಅಂತ ಹೆಸರಿಟ್ಟು ಎಚ್ಚರಿಸುತ್ತಿದೆ. ನಮ್ಮಲ್ಲಿ ಹುಡುಗಿಯರು ಇದನ್ನು ಕೋಚ್ ಹತ್ತಿರ ಹೇಳುವುದಿಲ್ಲ, ಕೋಚ್ ಕೇಳುವುದೂ ಇಲ್ಲ. ಮುಟ್ಟು ನಿಂತರೆ ಒಳ್ಳೆಯದೇ ಆಯ್ತು, ಕಿರಿಕಿರಿ ತಪ್ಪಿತು ಅಂದುಕೊಂಡವರನ್ನೂ ನೋಡಿದ್ದೇನೆ.

ಕೋಚ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಮೆಡಲ್ ಬಂದರೆ ಹಾಸ್ಟೆಲ್ ಸೀಟು, ಮುಂದೆ ಸ್ಪೋರ್ಟ್ಸ್ ಕೋಟಾ. ಅವರು ಯೋಚಿಸುವುದು ಅದನ್ನೇ, ನೀನೂ ಅದನ್ನೇ. ಆದರೆ 49ರಲ್ಲಿ ಸಿಗುವವರು ಯಾರು ಹೇಳು? ಅವರೂ 52ರಿಂದ ಇಳಿದು ಬಂದವರೇ. ಎಲ್ಲರೂ ಇಳಿಸಿದ ಮೇಲೆ ಲಾಭ ಯಾರಿಗೂ ಇಲ್ಲ, ಸುಮ್ನೆ ಎಲ್ಲರೂ ಸೊರಗುತ್ತಾರೆ ಅಷ್ಟೇ. ನಮ್ಮ ಹಳೇ ಉಸ್ತಾದರು ಗ್ರಾಂ ಲೆಕ್ಕ ಹಾಕುತ್ತಿರಲಿಲ್ಲ. ಮೈಸೂರು ದಸರಾ ಕುಸ್ತಿಗೆ ಇವತ್ತಿಗೂ ಜೋಡಿ ಕಟ್ಟುತ್ತಾರೆ, ಸರಿಜೋಡಿ ನೋಡಿ. ಮ್ಯಾಟ್ ಕುಸ್ತಿಗೆ ಅದು ಆಗುವುದಿಲ್ಲ, ಗೊತ್ತು. ತೂಕದ ವಿಭಾಗ ಬೇಕೇ ಬೇಕು. ಆದರೆ ವಿಭಾಗ ಮಾಡಿದ್ದು ಸಮಬಲದವರು ಆಡಲಿ ಅಂತ ತಾನೇ?

53ಕ್ಕೆ ಹೆಸರು ಕೊಡು. ಈ ಸಲ ಮೆಡಲ್ ಬರದೇ ಇರಬಹುದು, ಸುಳ್ಳು ಹೇಳುವುದಿಲ್ಲ. ಅವಳು ಇನ್ನೂ ಬೆಳೆಯುವ ಹುಡುಗಿ, ಮುಂದಿನ ವರ್ಷ 53 ಕೂಡ ಬಿಗಿಯಾದೀತು. ರಾತ್ರಿ ಅನ್ನ ಬಿಡಿಸಬೇಡ, ನೀರಂತೂ ಮುಟ್ಟುಗೋಲು ಹಾಕಲೇಬೇಡ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋಗಿ ಬಂದ ಮೇಲೆ ತೂಗಿ ಒಂದು ವಾರ ಬರೆದಿಡು, ಮೂತ್ರದ ಬಣ್ಣ ಗಾಢ ಹಳದಿ ಇತ್ತಾ ತಿಳಿ ಇತ್ತಾ ಅಂತ ಅವಳನ್ನೇ ಬರೆಯಲು ಹೇಳು. ಆ ಚೀಟಿಯ ಫೋಟೋ ನನಗೆ ಕಳಿಸು. ಎಂಟ್ರಿ ಕಳಿಸಲು ಕೊನೆ ದಿನ ಯಾವತ್ತು ಅಂತಲೂ ತಿಳಿಸು. ಅದಕ್ಕೆ ಮೊದಲು ಬಂದು ಕೋಚ್ ಹತ್ತಿರ ನಾನೇ ಮಾತಾಡುತ್ತೇನೆ.

ನಿನ್ನ,
ಚಂದ್ರು