ಗ್ಯಾರೇಜಿನಲ್ಲಿ ಕೂತಿದ್ದ ಅತ್ತೆಯವರಿಗೆ, ಮತ್ತು ಉಳಿದೆಲ್ಲರಿಗೆ

ಕಳೆದ ವಾರ ನಮ್ಮ ಅಗ್ನಿಶಾಮಕ ಇಲಾಖೆಯ ವೈದ್ಯಕೀಯ ನಿರ್ದೇಶಕರು ನನ್ನ ಕಡತಕ್ಕೆ ಸಹಿ ಹಾಕಿದರು. ಇನ್ನು ಮುಂದೆ ಪಕ್ಕದಲ್ಲಿ ಇನ್ನೊಬ್ಬರ ಕಣ್ಗಾವಲಿಲ್ಲದೆ ನಾನು ಫೈರ್‌ಫೈಟರ್ ಪ್ಯಾರಾಮೆಡಿಕ್ ಆಗಿ, ಅಂದರೆ ಬೆಂಕಿ ಆರಿಸುವುದರ ಜೊತೆಗೆ ರೋಗಿ ಇದ್ದಲ್ಲಿಗೇ ಹೋಗಿ ತುರ್ತು ಚಿಕಿತ್ಸೆ ಕೊಡುವವಳಾಗಿ, ಕೆಲಸ ಮಾಡಬಹುದು. ಪರೀಕ್ಷೆ ಪಾಸಾದಾಗಲೇ ನಿಮ್ಮಲ್ಲಿ ಅನೇಕರು ಅಭಿನಂದನೆ ಕಳಿಸಿದ್ದಿರಿ. ನಾನು ಯಾರಿಗೂ ಸರಿಯಾಗಿ ಉತ್ತರಿಸಿರಲಿಲ್ಲ. ಅದು ಸೊಕ್ಕಲ್ಲ. ಇಲ್ಲಿ, ಟೆಕ್ಸಾಸಿನಲ್ಲಿ, ರಾಷ್ಟ್ರಮಟ್ಟದ ಪರೀಕ್ಷೆಯನ್ನು ಗೆದ್ದು ರಾಜ್ಯದ ಪ್ರಮಾಣಪತ್ರವನ್ನು ಕೈಯಲ್ಲಿ ಹಿಡಿದಿದ್ದರೂ, ಸಂಸ್ಥೆಯ ವೈದ್ಯರು ತಮ್ಮ ಅಧಿಕಾರವನ್ನು ನಂಬಿ ವಹಿಸಿಕೊಡುವ ತನಕ ಪ್ಯಾರಾಮೆಡಿಕ್ ಒಬ್ಬಳು ತಾನಾಗಿ ಒಂದು ಹನಿ ಔಷಧವನ್ನೂ ಕೊಡುವಂತಿಲ್ಲ. ಆ ನಂಬಿಕೆ ಬರುವ ಮುನ್ನ ಧನ್ಯವಾದ ಹೇಳಲು ನನಗೆ ಭಯವಿತ್ತು. ಈಗ ಹೇಳುತ್ತೇನೆ.

ಇದು ಶುರುವಾದದ್ದು 2021ರ ಫೆಬ್ರುವರಿಯಲ್ಲಿ ಎಂಬುದು ಹಳೆಯ ಗೆಳೆಯರಿಗೆ ನೆನಪಿರಬಹುದು. ಹಿಮಗಾಳಿಗೆ ಟೆಕ್ಸಾಸಿನ ವಿದ್ಯುತ್ ಜಾಲವೇ ಕುಸಿದು, ಲಕ್ಷಾಂತರ ಮನೆಗಳು ಕೊರೆಯುವ ಚಳಿಯಲ್ಲಿ ದಿನಗಟ್ಟಲೆ ಕತ್ತಲಾಗಿದ್ದ ವಾರವದು. ನಮ್ಮ ಕೆಳಗಿನ ಮನೆಯ ವೃದ್ಧ ದಂಪತಿ ಚಳಿ ತಾಳಲಾರದೆ ಇದ್ದಿಲಿನ ಒಲೆಯನ್ನು ಒಳಗೆ ಹಚ್ಚಿಕೊಂಡಿದ್ದರು. ನಾನು 911ಕ್ಕೆ ಕರೆ ಮಾಡಿ ಆಂಬುಲೆನ್ಸಿಗೆ ಕಾದರೆ, ಮೊದಲು ಬಂದು ನಿಂತದ್ದು ಬೆಂಕಿ ಆರಿಸುವ ಗಾಡಿ. ಅದರಿಂದ ಇಳಿದ ಹೆಲ್ಮೆಟ್ಟಿನ ಮನುಷ್ಯ ಇಬ್ಬರನ್ನೂ ಹೊರಗೆಳೆದು, ಆಮ್ಲಜನಕ ಹಾಕಿ, ಎದೆಗೆ ಇಸಿಜಿ ತಂತಿಗಳನ್ನು ಅಂಟಿಸುತ್ತಿದ್ದುದನ್ನು ನಾನು ಮೊಬೈಲಿನ ಬೆಳಕು ಹಿಡಿದು ನೋಡುತ್ತ ನಿಂತಿದ್ದೆ. ಬೆರಳಿಗೆ ಸಿಕ್ಕಿಸುವ ಸಾಮಾನ್ಯ ಆಕ್ಸಿಮೀಟರ್ ಇಂಥ ಕಡೆ ಸುಳ್ಳು ಹೇಳುತ್ತದೆ, ಕಾರ್ಬನ್ ಮೊನಾಕ್ಸೈಡ್ ತುಂಬಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವೆಂದೇ ಓದುತ್ತದೆ ಎಂಬುದನ್ನು ನಾನು ಕಲಿತದ್ದು ಎಷ್ಟೋ ಆಮೇಲೆ. ಅಂದು ಕಂಡದ್ದು ಆ ಮನುಷ್ಯನ ಕೈಗಳು ಅವಸರಪಡಲಿಲ್ಲ ಎಂಬುದಷ್ಟೇ. ಅವನ ಹೆಸರು ನನಗೆ ಇಂದಿಗೂ ತಿಳಿಯದು. ಮೊದಲ ಕೃತಜ್ಞತೆ ಅವನಿಗೆ.

ಆಗ ನನಗೆ ಮೂವತ್ತೆರಡು. ಈ ರಾಜ್ಯದ ಸಿವಿಲ್ ಸರ್ವೀಸ್ ಕಾನೂನಿಗೆ ಒಳಪಟ್ಟ ನಗರಗಳಲ್ಲಿ 36 ತುಂಬಿದವರನ್ನು ಅಗ್ನಿಶಾಮಕ ಇಲಾಖೆಯ ಆರಂಭದ ಹುದ್ದೆಗೆ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಮುಂದಿನ ಮೂರೂ ಚಿಲ್ಲರೆ ವರ್ಷ ನಾನು ಓಡಿದೆ, ನೀವೆಲ್ಲ ಜೊತೆಗೆ ಓಡಿದಿರಿ. ಸಂಜೆಯ ಇಎಂಟಿ (ಪ್ಯಾರಾಮೆಡಿಕ್‌ಗಿಂತ ಕೆಳಹಂತದ ತುರ್ತು ಚಿಕಿತ್ಸೆಯ) ತರಗತಿಗಳಿಗೆ ಹೋದಾಗ ಮಗಳನ್ನು ಮಲಗಿಸಿದ ಪಕ್ಕದ ಮನೆಯವರಿಗೆ, ಐದನೆಯ ಮಹಡಿಯವರೆಗೆ ತಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ನನಗೆ ಬಿಟ್ಟುಕೊಟ್ಟ ಕನ್ನಡ ಸಂಘದ ಗೆಳತಿಗೆ, ಪ್ರತಿ ಅರ್ಜಿಯನ್ನೂ ತಿದ್ದಿಕೊಟ್ಟ ಹಳೆಯ ಸಹೋದ್ಯೋಗಿಗಳಿಗೆ, ಎರಡು ಕೆಲಸಗಳ ಭಾರವನ್ನು ಒಂದು ಮಾತೂ ಆಡದೆ ಹೊತ್ತ ಗಂಡನಿಗೆ ಈ ಒಂದು ವಾಕ್ಯದಲ್ಲೇ ನಮಸ್ಕಾರ. (ಗಂಡನಿಗೆ ಒಂದೇ ವಾಕ್ಯವೇ ಎಂದು ಕೇಳಬೇಡಿ. ಈ ಬರಹದ ಉಳಿದ ಭಾಗವೆಲ್ಲ ಅವರ ತಾಯಿಯದು, ಅವರಿಗೆ ಬೇಸರವಾಗದು.)

ಮೆಟ್ಟಿಲುಗಳ ವಿಷಯವನ್ನು ತುಸು ಹೇಳಲೇಬೇಕು. ನಾನು ಸೇರಿದ ಇಲಾಖೆ ಕೇಳುವ ದೈಹಿಕ ಪರೀಕ್ಷೆಯಲ್ಲಿ 50 ಪೌಂಡ್ ತೂಕದ ಅಂಗಿ ತೊಟ್ಟು ಎಂಟು ಕೆಲಸಗಳನ್ನು 10 ನಿಮಿಷ 20 ಸೆಕೆಂಡುಗಳೊಳಗೆ ಮುಗಿಸಬೇಕು. ಮೊದಲನೆಯದೇ ಮೆಟ್ಟಿಲು ಯಂತ್ರ: ಅಂಗಿಯ ಮೇಲೆ ಇನ್ನೂ 25 ಪೌಂಡ್ ಹೊತ್ತು, ನಿಮಿಷಕ್ಕೆ 60 ಹೆಜ್ಜೆಯಂತೆ ಮೂರು ನಿಮಿಷ, ಕಂಬಿ ಹಿಡಿಯದೆ. ಅದಾದ ಮೇಲೆ ನೀರಿನ ಕೊಳವೆ ಎಳೆತ, ಏಣಿ ಎತ್ತುವುದು, ಕತ್ತಲ ಸುರಂಗದಲ್ಲಿ ತೆವಳುವುದು, 165 ಪೌಂಡಿನ ಗೊಂಬೆಯನ್ನು ಎಳೆದು ತರುವುದು, ಕೊನೆಗೆ ಕೈ ಸೋತಿರುವಾಗ ಛಾವಣಿಯನ್ನು ಕೋಲಿನಿಂದ ತಿವಿದು ಕೀಳುವುದು. 20 ಪೌಂಡಿನ ಎರಡು ಸೋನಾ ಮಸೂರಿ ಚೀಲ, ಅದರ ಮೇಲೆ 10 ಪೌಂಡ್ ತೊಗರಿಬೇಳೆ ಬೆನ್ನಿಗೆ ಕಟ್ಟಿಕೊಂಡು ನಾನು ಮೆಟ್ಟಿಲು ಹತ್ತುತ್ತಿದ್ದುದನ್ನು ಕಂಡು ನಕ್ಕವರೂ ಇದ್ದಾರೆ, ಅವರಿಗೂ ಋಣಿ. ಮೊದಲ ಸಲ ಛಾವಣಿಯ ಹತ್ತಿರ ಸಮಯ ಮುಗಿಯಿತು. ಎರಡನೆಯ ಸಲ ಮುಗಿಯಲಿಲ್ಲ.

ಆಮೇಲೆ ಫೈರ್ ಅಕಾಡೆಮಿ, ರಾಜ್ಯದ ಅಗ್ನಿಶಾಮಕ ಆಯೋಗದ ಪರೀಕ್ಷೆಗಳು, ಠಾಣೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕೊನೆಗೆ ಮಲಗುವ ಪ್ರೊಬೇಷನ್. ಅದರ ನಡುವೆಯೇ ಪ್ಯಾರಾಮೆಡಿಕ್ ಶಾಲೆ. ಇಎಂಟಿಗೆ ಬೇಕಾದದ್ದು ಸುಮಾರು 150 ಗಂಟೆಗಳ ಓದು, ಇದಕ್ಕೆ ಸಾವಿರಕ್ಕೂ ಹೆಚ್ಚು. ಆ ಶಾಲೆಯ ಮೊದಲ ದಿನ ನಮ್ಮ ಶಿಕ್ಷಕಿ ಪುಸ್ತಕ ತೆರೆಯಲಿಲ್ಲ. ಒಂದು ಕಾಲದಲ್ಲಿ ಈ ದೇಶದ ಎಷ್ಟೋ ಊರುಗಳಲ್ಲಿ ಹೆಣ ಸಾಗಿಸುವ ಸಂಸ್ಥೆಗಳ ವಾಹನಗಳೇ ಆಂಬುಲೆನ್ಸುಗಳೂ ಆಗಿದ್ದವೆಂದೂ, 1967ರಲ್ಲಿ ಪಿಟ್ಸ್‌ಬರ್ಗಿನ ಹಿಲ್ ಡಿಸ್ಟ್ರಿಕ್ಟಿನಲ್ಲಿ ಶುರುವಾದ ಫ್ರೀಡಮ್ ಹೌಸ್ ಆಂಬುಲೆನ್ಸ್ ಸೇವೆಯಲ್ಲಿ, ಯಾರೂ ಕೆಲಸಕ್ಕೆ ತೆಗೆದುಕೊಳ್ಳದ ಕಪ್ಪುಜನರು ಇವತ್ತಿನ ಪ್ಯಾರಾಮೆಡಿಕ್ ವಿದ್ಯೆಯ ಬಹುಪಾಲನ್ನು ಬೀದಿಯಲ್ಲೇ ಮಾಡಿ ತೋರಿಸಿದರೆಂದೂ ಹೇಳಿದರು. ತರಗತಿಯಲ್ಲಿ ವಯಸ್ಸಿನಲ್ಲೂ ಉಚ್ಚಾರಣೆಯಲ್ಲೂ ಹೊರಗಿನವಳಾಗಿದ್ದ ನನಗೆ ಅವರು ಬೇರೆ ಯಾವ ಧೈರ್ಯವನ್ನೂ ಹೇಳಬೇಕಾಗಲಿಲ್ಲ. ಅವರಿಗೆ ವಂದನೆ. ಸರಿ ಮಾಡಿದಾಗ ಸುಮ್ಮನಿದ್ದು, ತಪ್ಪಿದಾಗ ಮಾತ್ರ ಬಾಯಿ ತೆರೆಯುತ್ತಿದ್ದ ನನ್ನ ಪ್ರಿಸೆಪ್ಟರಿಗೂ, ಅಂದರೆ ಕೆಲಸದ ನಡುವೆಯೇ ಕಲಿಸುತ್ತಿದ್ದ ಹಿರಿಯ ಪ್ಯಾರಾಮೆಡಿಕ್‌ಗೂ.

ಇನ್ನು ಅತ್ತೆಯವರು.

ಅವರು ಆರು ತಿಂಗಳ ಭೇಟಿಗೆಂದು ಬಂದಿಳಿದದ್ದು ನನ್ನ ಫೀಲ್ಡ್ ಇಂಟರ್ನ್‌ಶಿಪ್, ಅಂದರೆ ನಿಜವಾದ ಕರೆಗಳಿಗೆ ಹೋಗಿ ಕಲಿಯುವ ಹಂತ, ಆರಂಭವಾದ ವಾರ. ಮೊಮ್ಮಗಳನ್ನು ನೋಡಿಕೊಳ್ಳಲು ಬಂದವರು ಎಂದೇ ನಾವು ತಿಳಿದಿದ್ದೆವು. ತೀರ್ಥಹಳ್ಳಿ ಸೀಮೆಯ ಉಪಕೇಂದ್ರಗಳಲ್ಲಿ ಮೂವತ್ತು ವರ್ಷ ಕಿರಿಯ ಆರೋಗ್ಯ ಸಹಾಯಕಿಯಾಗಿ, ಊರವರ ಬಾಯಲ್ಲಿ ನರ್ಸಮ್ಮನಾಗಿ, ಕಾಲುಸಂಕ ದಾಟಿ ಹೆರಿಗೆಗೆ ಹೋಗಿ ಬಂದವರು ಅವರೆಂಬುದು ನನಗೆ ಗೊತ್ತಿದ್ದರೂ, ಆ ಗೊತ್ತಿರುವಿಕೆ ಮದುವೆಯ ಮಾತುಕತೆಯಲ್ಲಿ ಕೇಳಿದ ಒಂದು ವಿವರವಾಗಿ ಉಳಿದಿತ್ತು. ಮೊದಲ ವಾರವೇ ಅವರು, ಔಷಧಗಳ ಹೆಸರು ಮತ್ತು ಪ್ರಮಾಣವನ್ನು ಬಾಯಿಪಾಠ ಮಾಡಲು ನಾನು ಬರೆದಿಟ್ಟಿದ್ದ ಚೀಟಿಗಳನ್ನು ಕೈಗೆ ತೆಗೆದುಕೊಂಡರು. ದೋಸೆ ಹುಯ್ಯುತ್ತಲೇ, "ಹನ್ನೆರಡು ಕೆಜಿ ಮಗು, ಅಡ್ರಿನಾಲಿನ್ ಎಷ್ಟು?" ಎಂದು ಕೇಳುವರು. ಇಲ್ಲಿ ಅದನ್ನು ಎಪಿನೆಫ್ರಿನ್ ಎನ್ನುತ್ತಾರೆಂದರೆ, ಹೆಸರು ಬದಲಾದರೆ ಮಗುವಿನ ತೂಕ ಬದಲಾಗುತ್ತದೆಯೇ ಎಂದು ಮರುಪ್ರಶ್ನೆ. ಸೂಜಿ ಚುಚ್ಚುವುದಕ್ಕೆ ಮನೆಯಲ್ಲಿ ಅವಕಾಶವಿರಲಿಲ್ಲ. ಆದರೆ ರಬ್ಬರ್ ಪಟ್ಟಿ ಕಟ್ಟಿ, ಕಣ್ಣು ಮುಚ್ಚಿ, ಬೆರಳ ತುದಿಯಿಂದಲೇ ನರ ಹುಡುಕುವ ಅಭ್ಯಾಸಕ್ಕೆ ತಮ್ಮ ಎರಡೂ ಕೈಗಳನ್ನು ಒಡ್ಡಿದರು. ವಯಸ್ಸಾದವರ ನರ ಜಾರುತ್ತದೆ, ಕೆಳಗೆ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿ ಎಂಬ ಪಾಠವನ್ನು ನಾನು ಕಲಿತದ್ದು ಅವರ ಮುಂಗೈಯಿಂದ.

ಅವರಿಗೆ ಬಗೆಹರಿಯದಿದ್ದುದು ಒಂದೇ: ಬೆಂಕಿ ಆರಿಸುವವರು ಯಾಕೆ ಇಂಜೆಕ್ಷನ್ ಕೊಡಬೇಕು? ಊರಿನಲ್ಲಿ ಬೆಂಕಿಗೆ 101, ರೋಗಿಗೆ 108. ಇಲ್ಲಿ ಪ್ರತಿ ಬಡಾವಣೆಗೂ ಒಂದು ಅಗ್ನಿಶಾಮಕ ಠಾಣೆ ಮೊದಲೇ ಇತ್ತು, ಅದರಲ್ಲಿ ಹಗಲೂ ರಾತ್ರಿ ಜನರಿದ್ದರು, ಬೆಂಕಿ ದಿನವೂ ಬೀಳುವುದಿಲ್ಲ ಆದರೆ ಹೃದಯ ದಿನವೂ ನಿಲ್ಲುತ್ತದೆ. ಈಗ ಇಂಥ ಇಲಾಖೆಗಳಿಗೆ ಬರುವ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವೈದ್ಯಕೀಯವೇ ಎಂದು ನಾನು ವಿವರಿಸಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಹತ್ತಿರ ಇದ್ದವರು ಹೋಗುವುದು, ಅಷ್ಟೇ ತಾನೆ" ಎಂದರು. ಮೂರು ತಿಂಗಳ ತರಗತಿಯನ್ನು ಅಷ್ಟು ಚಿಕ್ಕದಾಗಿ ಯಾರೂ ನನಗೆ ಹೇಳಿರಲಿಲ್ಲ.

ಆ ರಾತ್ರಿಯ ಬಗ್ಗೆ ಹತ್ತಿರದವರಿಗೆ ತಿಳಿದಿದೆ. ತಿಳಿಯದವರಿಗೆ ನಾನು ಹೇಳುವಂತಿಲ್ಲ, ಹೇಳುವುದೂ ಇಲ್ಲ. ಅದು ಬೇರೊಂದು ಮನೆಯವರ ದುಃಖ. ಆ ಕರೆಗೆ ವಿದ್ಯಾರ್ಥಿಯಾಗಿದ್ದರೂ ಮುಂದಾಳು ನಾನಾಗಿದ್ದೆ, ಲೆಕ್ಕಗಳೆಲ್ಲ ಸರಿಯಾಗಿದ್ದವು, ಪ್ರಿಸೆಪ್ಟರ್ ಒಂದು ಮಾತೂ ಆಡಲಿಲ್ಲ ಎಂದಷ್ಟು ಹೇಳಿದರೆ ಸಾಕು. ಹನ್ನೆರಡು ಗಂಟೆಯ ಪಾಳಿ ಮುಗಿಸಿ ಮನೆಗೆ ಬಂದು, ಗ್ಯಾರೇಜಿನ ಬಾಗಿಲು ಇಳಿಸಿ, ಇಂಜಿನ್ ಆರಿಸಿ, ಕಾರಿನಲ್ಲೇ ಉಳಿದೆ. ಒಳಗೆ ನನ್ನ ಮಗಳು ಮಲಗಿದ್ದಳು. ನನ್ನ ಕೈಗಳನ್ನು ತೆಗೆದುಕೊಂಡು ಅವಳ ಹತ್ತಿರ ಹೋಗುವುದು ಆಗುವುದಿಲ್ಲ ಅನ್ನಿಸಿತು. ಬೇಡ ಅನ್ನಿಸಿತು, ಎಲ್ಲವೂ.

ಅತ್ತೆಯವರು ಶಾಲು ಹೊದ್ದು ಬಂದು ಪಕ್ಕದ ಸೀಟಿನ ಬಾಗಿಲು ತೆಗೆದು ಕೂತರು. ಏನಾಯಿತೆಂದು ಕೇಳಲಿಲ್ಲ. ಒಮ್ಮೆ ಎದ್ದು ಹೋಗಿ ಜೀರಿಗೆ ಕಷಾಯ ತಂದರು; ಅದು ಆರಿತು, ಮತ್ತೆ ಬಿಸಿ ಮಾಡಿ ತಂದರು; ಅದೂ ಆರಿತು. ಎರಡು ಗಂಟೆಯ ಸುಮಾರಿಗೆ, ನನ್ನ ಕಡೆ ನೋಡದೆ, ಮುಚ್ಚಿದ ಗ್ಯಾರೇಜಿನ ಬಾಗಿಲನ್ನು ನೋಡುತ್ತ ಮಾತಾಡಿದರು. 108 ಊರಿಗೆ ಬಂದದ್ದು 2008ರಲ್ಲಿ. ಅದಕ್ಕೂ ಎಷ್ಟೋ ಮೊದಲಿನ ಒಂದು ಮಳೆಗಾಲ. ರಕ್ತ ನಿಲ್ಲದ ಬಾಣಂತಿಯೊಬ್ಬಳನ್ನು ಯಾರದೋ ಜೀಪಿನ ಹಿಂಬದಿಯಲ್ಲಿ ಮಲಗಿಸಿಕೊಂಡು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೊರಟಿದ್ದರಂತೆ. ಘಾಟಿ ಮುಗಿಯಲಿಲ್ಲ. ತಿರುವಿನಲ್ಲಿ ಜೀಪು ನಿಲ್ಲಿಸಿದಾಗ ಮಳೆಯ ಸದ್ದು ಒಂದೇ ಇತ್ತೆಂದರು. "ನನ್ನ ರಿಜಿಸ್ಟರಿನಲ್ಲಿ ಎಷ್ಟೋ ಹೆರಿಗೆ ಇವೆ. ಬದುಕಿದವರ ಹೆಸರು ಒಂದೂ ನೆನಪಿಲ್ಲ ನನಗೆ. ಅವಳ ಹೆಸರಿದೆ," ಎಂದು ಹೇಳಿ ಆ ಹೆಸರನ್ನೂ ಹೇಳಿದರು. ಮರುದಿನ ಬೆಳಿಗ್ಗೆ ಅವರು ಪೋಲಿಯೋ ಹನಿ ಹಾಕಲು ಹೋಗಬೇಕಿತ್ತಂತೆ, ಹೋದರಂತೆ. ಅದರಲ್ಲಿ ಹೆಮ್ಮೆಯಿರಲಿಲ್ಲ, ನನಗೆ ಹೇಳಿದ ಬುದ್ಧಿಮಾತೂ ಅದಾಗಿರಲಿಲ್ಲ. ಮೂವತ್ತು ವರ್ಷ ಯಾರಿಗೂ ಹೇಳದ್ದನ್ನು ಅವರು ತಮ್ಮ ಸರದಿ ಬಂತೆಂಬಂತೆ ಹೇಳಿ ಮುಗಿಸಿದರು. ನಾನು ಆಗ ಅತ್ತುಬಿಟ್ಟೆ. ಅವರು ತಡೆಯಲಿಲ್ಲ. ನಾಲ್ಕು ಗಂಟೆಗೆ, "ನಾಡಿದ್ದು ಎಷ್ಟೊತ್ತಿಗೆ ಡ್ಯೂಟಿ?" ಎಂದು ಕೇಳಿದರು. ಆರಕ್ಕೆ ಎಂದೆ. "ಹಾಗಾದರೆ ಐದಕ್ಕೆ ಎಬ್ಬಿಸುತ್ತೇನೆ," ಎಂದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು.

ಎಬ್ಬಿಸಿದರು.

ಮೊದಲು ಹೇಳಿದ ರಾಷ್ಟ್ರಮಟ್ಟದ ಪರೀಕ್ಷೆಯಲ್ಲಿ, ಅಂದರೆ ನ್ಯಾಷನಲ್ ರಿಜಿಸ್ಟ್ರಿಯ ಪರೀಕ್ಷೆಯಲ್ಲಿ, ನಾನು ಮೊದಲ ಸಲ ಸೋತೆ. ನೀವು ಉತ್ತರಿಸಿದಂತೆ ಮುಂದಿನ ಪ್ರಶ್ನೆಯನ್ನು ಆರಿಸಿಕೊಳ್ಳುವ ಯಂತ್ರವದು. ನಿಮ್ಮ ಬಗ್ಗೆ ಅದಕ್ಕೆ ಖಚಿತವಾದ ಕ್ಷಣ ಪರೀಕ್ಷೆ ನಿಂತುಹೋಗುತ್ತದೆ, ಯಾವ ರೀತಿಯಲ್ಲಿ ಖಚಿತವಾಯಿತೆಂದು ಮಾತ್ರ ಅಲ್ಲಿ ಹೇಳುವುದಿಲ್ಲ. ಮತ್ತೆ ಕೂರಲು ಹದಿನೈದು ದಿನ ಕಾಯಬೇಕು. ಆ ಹೊತ್ತಿಗೆ ಅತ್ತೆಯವರು ಊರಿಗೆ ಮರಳಿದ್ದರು, ಆದರೆ ದಿನವೂ ಅವರ ಬೆಳಗಿನ ಆರು ಗಂಟೆಗೆ, ನನ್ನ ಸಂಜೆ ಏಳೂವರೆಗೆ, ಫೋನಿನಲ್ಲಿ ಹನ್ನೆರಡು ಕೆಜಿಯ ಆ ಮಗು ತಪ್ಪದೆ ಬರುತ್ತಿತ್ತು. ಎರಡನೆಯ ಸಲ ಪಾಸಾದೆ. ಅದಾದ ಮೇಲೆ ಇಲಾಖೆಯೊಳಗಿನ ತಿಂಗಳುಗಳ ಮೌಲ್ಯಮಾಪನ, ಈಗ ಈ ಸಹಿ. ಕಳೆದ ಗುರುವಾರ ಠಾಣೆಯಲ್ಲಿ ಮಗಳು ನನ್ನ ಎದೆಗೆ ಹೊಸ ಬಿಲ್ಲೆ ಚುಚ್ಚಿದಾಗ ಸಭೆಯಲ್ಲಿದ್ದ ನಿಮ್ಮೆಲ್ಲರನ್ನೂ ಕಂಡೆ, ನಿಮ್ಮ ಚಪ್ಪಾಳೆಯನ್ನೂ ಕೇಳಿದೆ. ನಾನು ನೋಡುತ್ತಿದ್ದದ್ದು ಮಾತ್ರ ಗಂಡನ ಕೈಯಲ್ಲಿದ್ದ ಫೋನಿನ ಪರದೆಯನ್ನು.

ಪ್ರತಿ ಎರಡು ವರ್ಷಕ್ಕೊಮ್ಮೆ ನ್ಯಾಷನಲ್ ರಿಜಿಸ್ಟ್ರಿಯ ಪ್ರಮಾಣಪತ್ರವನ್ನು ನವೀಕರಿಸಬೇಕು, ಆದ್ದರಿಂದ ಓದು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಇಪ್ಪತ್ನಾಲ್ಕು ಗಂಟೆಯ ಪಾಳಿಯಿದೆ, ಉತ್ತರಿಸದಿದ್ದರೆ ಕ್ಷಮಿಸಿ. ಅತ್ತೆ, ನಿಮ್ಮ ಜೊತೆ ಕಳಿಸಿದ ಬಿಪಿ ಯಂತ್ರವನ್ನು ಕೇರಿಯವರಿಗೆಲ್ಲ ಕಟ್ಟಿ ನೋಡುತ್ತಿದ್ದೀರೆಂದು ತಿಳಿಯಿತು. ನಿಮ್ಮದನ್ನೂ ನೋಡಿಕೊಂಡು ಇವತ್ತಿನ ಅಂಕಿಯನ್ನು ನನಗೆ ಕಳಿಸಿ.